ಹುಳದ ಬಾಯಿ ನೋಡು

ಎಳ್ಳ ಅಮಾಸಿ ಹತ್ರ ಬಂತಂದ್ರ ಊರ ಮಂದಿಗೆಲ್ಲಾ ಹಿಗ್ಗು, ನನಗ ಮಾತ್ರ ಅಂಜಿಕಿ. ಬುತ್ತಿ ಕಟಗೊಂಡು ಹೊಲಕ್ಕ ಹೋಗತೇನಿ, ನಗತೇನಿ, ನಾಕ ಮಂದಿಗೆ ನೀಡತೇನಿ. ಆದ್ರ ಯಾರರೆ ಕಡ್ಲಿ ಗಿಡದ ಮುಂದ ಕುಕ್ಕರಗಾಲಿಲೆ ಕುಂತು, ಕುಡಿ ಚೂಟಿ, ಹಸೀದ ಬಾಯಿಗೆ ಹಾಕ್ಕೊಂಡ್ರಂದ್ರ ನನ್ನ ಕೈಯಾನ ರೊಟ್ಟಿ ಕೈಯಾಗ ಉಳಿತೈತಿ. ಐವತ್ತು ವರ್ಷಕ್ಕ ಬಂತು, ಆ ಅಂಜಿಕಿ ಹೋಗವಲ್ದು. ವಯಸ್ಸಾದ ಮ್ಯಾಲೆ ಎಲ್ಲಾ ಮರೀತೈತಿ ಅಂತಾರಲ್ಲ, ಸುಳ್ಳ ಸುಡ್ಲಿ. ಮರೀಬೇಕಾದ್ದು ಒಂದೂ ಮರೆಯೂದಿಲ್ಲ.

ನಾ ಮುದ್ದೇಬಿಹಾಳ ಕಡೆಯಾಕಿ. ಕೊಟ್ಟಿದ್ದು ಇಂಡಿ ತಾಲೂಕಿಗೆ, ಹೊರ್ತಿಯಿಂದ ಗಾಡಿ ಹಾದಿ ಹಿಡದು ಒಳಗ ಹೋದ್ರ ಸಿಗೂ ಒಂದು ಸಣ್ಣ ಊರಿಗೆ. ಎಪ್ಪತ್ತೈದೋ ಎಪ್ಪತ್ತಾರೋ ಇರಬೇಕು, ಲಗ್ನಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮನ್ಯಾಗ ಮೂರ ಮಂದಿ: ನಮ್ಮತ್ತಿ, ನಮ್ಮವರು, ನಾನು. ಮಾವ ನಾ ಬರೂಕಿಂತ ಮೊದಲ ತೀರಕೊಂಡಿದ್ರು, ಹೊಲಾ ಮನಿ ಎಲ್ಲಾ ಅತ್ತಿ ಕೈಯಾಗ. ನಮ್ಮವರಿಗೆ ಒಬ್ಬಾಕಿನ ತಂಗಿ. ಆ ನಾದಿನೀನ ಬಸವನ ಬಾಗೇವಾಡಿಗೆ ಕೊಟ್ಟಿದ್ರು.

ಅತ್ತಿ ಅಂದ್ರ ನನಗ ಜೀವ ಹೋಗೂವಷ್ಟು ಅಂಜಿಕಿ. ಬೈತಿದ್ರು ಅಂತಲ್ಲ. ಬೈಯೂ ಅತ್ತಿ ಆದ್ರ ಬೈಸಿಕೊಂಡು, ಅತ್ತು, ಮುಗಿಸಿಬಿಡಬಹುದು. ಇವರು ಸುಮ್ಮ ನೋಡತಿದ್ರು. ರೊಟ್ಟಿ ಬಡಿಯೂ ಮುಂದ ನೋಡತಿದ್ರು, ನೀರು ಸೇದೂ ಮುಂದ ನೋಡತಿದ್ರು, ಒಂದ ಮಾತೂ ಆಡತಿರಲಿಲ್ಲ. ಆ ಕಣ್ಣ ಮುಂದ ನನ್ನ ಕೈಯಾಗಿನ ಕೊಡ ಎಷ್ಟೋ ಸಲ ಜಾರಿ ಬಿದ್ದೈತಿ.

ಆದ್ರ ನನಗೂ ಒಂದು ಜಂಬ ಇತ್ತು. ನಾ ಮುಲ್ಕಿ ಪಾಸಾದಾಕಿ. ಏಳನೇತ್ತ ಅಂದ್ರ ಆಗ ಕಡಿಮಿ ಏನ್ರಿ? ಆ ಓಣ್ಯಾಗ ಓದಾಕ ಬರೂ ಸೊಸಿ ನಾನೊಬ್ಬಾಕಿನ. ಯಾರ ಮನಿಗೆ ಕಾಗದ ಬಂದ್ರೂ ನನ್ನ ಹಂತೇಕ ತರತಿದ್ರು. ಓದಿ ಹೇಳೂ ಮುಂದ ನನ್ನ ದನಿ ಒಂದು ಗೇಣು ಮ್ಯಾಲ ಏರತಿತ್ತು.

ಆ ವರ್ಷ ಹಿಂಗಾರಿ ಬಿತ್ತಿದ ಮ್ಯಾಲೆ ಗ್ರಾಮಸೇವಕರು ಬಂದು ಮನಿಗೊಂದು ದೊಡ್ಡ ಹಾಳಿ ಕೊಟ್ಟು ಹೋದ್ರು. ಅದರ ತುಂಬ ಹುಳದ ಚಿತ್ರ, ಚಿತ್ರದ ಕೆಳಗ ಎರಡೆರಡು ಸಾಲು ಬರದಿತ್ತು. ಮ್ಯಾಲೆ ದಪ್ಪ ಅಕ್ಷರದಾಗ ‘ಬೆಳೆಗೆ ಬೀಳುವ ಪೀಡೆಗಳು’ ಅಂತ ಇತ್ತು. ನನಗ ಸ್ವರ್ಗ ಸಿಕ್ಕಂಗಾತು. ಜ್ವಾಳದ ಹಿಟ್ಟಿನ ಅಂಟು ಕಾಯಿಸಿ, ಹಾಳಿ ಬೆನ್ನಿಗೆ ಮೂಲಿ ಬಿಡದಂಗ ಸವರಿ, ಪಡಸಾಲಿ ಗ್ವಾಡಿಗೆ ಅಂಗೈಲೆ ಒತ್ತಿ ಒತ್ತಿ ಅಂಟಿಸಿದೆ. ಹರೀಬಾರದು, ಗಾಳಿಗೆ ಏಳಬಾರದು. ಅತ್ತಿ ಕಂಬಕ್ಕ ಒರಗಿ ನೋಡಿದ್ರು.

ಎಳ್ಳ ಅಮಾಸಿ ಒಂಬತ್ತು ದಿನ ಇರೂ ಮುಂದ ಅತ್ತಿ ಮಗಳನ್ನ ಕರಕೊಂಡು ಬರಾಕ ಬಾಗೇವಾಡಿಗೆ ಹೋದ್ರು. ನಾದಿನಿಗೆ ಏಳು ತಿಂಗಳು, ಚೊಚ್ಚಲ. ಹಬ್ಬ ಮುಗಿಸಿ, ಸೀಮಂತದ ಕುಬಸಾ ಮಾಡಿ, ಬಾಣಂತನಕ್ಕ ಇಲ್ಲೇ ಇಟಗೊಳ್ಳೂದು ಅಂತ ಮಾತಾಗಿತ್ತು. “ಹೊಲದ ಕಡಿ ಲಕ್ಷ್ಯ ಇರಲಿ,” ಅಂತ ಅತ್ತಿ ಹೊಸ್ತಲದಾಗ ನಿಂತು ನನಗ ಹೇಳಿದ್ರು. ಅದ ಅವರು ನನಗ ಒಪ್ಪಿಸಿದ ಮೊದಲನೇ ಕೆಲಸ.

ಲಕ್ಷ್ಯ ಇಡದ ಬಿಟ್ಟೇನೇನು? ಮರುದಿನ ಬುತ್ತಿ ತಗೊಂಡು ಹೊಲಕ್ಕ ಹೋದಾಕಿ ಒಂದೊಂದ ಸಾಲು ಹಿಡದು ನೋಡಕೋತ ನಡದೆ. ನಮ್ಮ ಎರಿ ಹೊಲದಾಗ ಆ ವರ್ಷ ಕಡ್ಲಿ ಹಾಕಿದ್ರು, ಏಳೆಂಟು ಸಾಲಿಗೊಮ್ಮೆ ಕುಸುಬಿ ಅಕ್ಕಡಿ. ಕುಸುಬಿ ಕುಡಿಗೆ ಕರಿ ಹೇನು ಹತ್ತಿತ್ತು. ಅದು ವರ್ಷಾ ಹತ್ತೂದ, ಅದಕ್ಕ ಯಾರೂ ಅಂಜತಿರಲಿಲ್ಲ. ನಾ ಅಂಜಿದ್ದು ಆ ಹೇನಿನ ನಡುವ ಓಡ್ಯಾಡಾಕತ್ತಿದ್ದ ಇನ್ನೊಂದು ಹುಳ ನೋಡಿ. ಅಯ್ಯ ಶಿವನ, ಏನು ರೂಪ ಅದು! ಜ್ವಾಳದ ಕಾಳಿಗಿಂತ ಒಂದೀಟು ಉದ್ದ, ಕರ್ರಗ ಮೈ, ಮೈಮ್ಯಾಲ ಕೇಸರಿ ಚುಕ್ಕಿ, ಎಲ್ಲಾ ಕಡಿ ಮುಳ್ಳು, ಹಿಂದ ಮೊಸಳಿ ಬಾಲದಂಗ ಚೂಪು. ಒಂದಲ್ಲ ಎರಡಲ್ಲ, ಗಿಡಕ್ಕ ಐದಾರು. ಬೆರಳು ಮುಂದ ಮಾಡಿದ್ರ ಮೈ ಎತ್ತಿ ನನ್ನ ಕಡೇನ ಬಂತು. ನಾ ಬುತ್ತಿ ಗಂಟು ಅಲ್ಲೇ ಒಗದು ಓಡಿದೆ.

ಮನಿಗೆ ಬಂದು ಗ್ವಾಡಿ ಮುಂದ ನಿಂತೆ. ಚಿತ್ರ ಎಲ್ಲಾ ಕರಿ ಮಸೀಲೆ ಅಚ್ಚಾಗಿದ್ದವು, ಅರ್ಧಕ್ಕರ್ಧ ಮಸಿ ಹಬ್ಬಿ ಕಲಸಿ ಹೋಗಿದ್ದವು. ಮೂರನೇ ಸಾಲಿನಾಗ ಮೈತುಂಬ ಕೂದಲಿದ್ದ ಒಂದು ಹುಳ ಇತ್ತು. ಕೂದಲಾನೋ ಮುಳ್ಳಾನೋ, ಆ ಮಸ್ಯಾಗ ಯಾರಿಗೆ ತಿಳೀಬೇಕು? ಕೆಳಗ ‘ಎಲೆಗಳನ್ನು ಸಂಪೂರ್ಣ ತಿಂದು ಹಾಕುತ್ತದೆ’ ಅಂತಿತ್ತು. ಇದ ಅದು, ಅಂತ ತೀರ್ಮಾನ ಮಾಡಿಬಿಟ್ಟೆ. ಓದಿದಾಕಿ ಅಲ್ಲ ನಾನು!

ನಮ್ಮವರು ಬಂದು ನೋಡಿ ಅವರೂ ಹೌಹಾರಿದ್ರು. “ಅವ್ವ ಬರೂತನ ಕಾದ್ರ ಹೊಲಾ ಬೋಳಾಗತೈತಿ,” ಅಂದ್ರು. ಆಲಮೇಲದಾಗ ಅವರ ಸೋದರಮಾವ ಕಬ್ಬು ಹಚ್ಚಿದ್ರು, ಅವರ ಮನ್ಯಾಗ ಬೆನ್ನಿಗೆ ಕಟಗೊಳ್ಳೂ ಪಂಪ್ ಇತ್ತು. ಇಂಡಿಗೆ ಹೋಗಿ, ಸಿಂದಗಿ ಬಸ್ಸು ಹತ್ತಿ, ಆಲಮೇಲದಾಗ ಇಳದು ಪಂಪ್ ತಂದ್ರು. ಅದರ ಜೋಡಿ ಒಂದು ಎಂಡ್ರಿನ್ ಡಬ್ಬಿ.

ಎಂಡ್ರಿನ್ ಅಂದ್ರ ಏನಂತ ಆಗಿನ ಮಂದಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಹೆಸರು ಕಿವಿಗೆ ಬಿದ್ರ ಸಾಕು, “ಕುಡದು ಯಾರು ಹೋದ್ರು?” ಅಂತ ಕೇಳತಿದ್ರು. ಬಾಯಾಗ ಅದರ ಹೆಸರು ಬ್ಯಾಡಂತ ‘ಎಣ್ಣಿ’ ಅಂತಿದ್ವಿ. ಈಗೂ ಹಂಗ ಅಂತೀವಿ. ಹೊಲಕ್ಕ ಹೊಡಿಯೂದೂ ಎಣ್ಣಿ, ರೊಟ್ಟಿಗೆ ಹಚಗೊಳ್ಳೂದೂ ಎಣ್ಣಿ. ನಮ್ಮ ಮಂದಿ ಶ್ಯಾಣೇತನ ನೋಡ್ರಿ. ಅತ್ತಿ ಮಾತ್ರ ಆ ಎಣ್ಣೀನ ಹೊಸ್ತಲ ದಾಟಾಕ ಬಿಟ್ಟಿರಲಿಲ್ಲ. ಹೊಲಕ್ಕ ಇಸಾ ಹಾಕಿ ಅದ ಹೊಲದಾಗ ಕುಂತು ಉಣ್ಣೂದು ಎಂಥಾ ಬಾಳೇವು, ಅಂತ ಒಂದ ಸಲ ಅಂದಿದ್ರಂತ.

ಅದಕ್ಕ ನಮ್ಮವರು ನನ್ನ ಕೈ ಎಳದು ತಮ್ಮ ನೆತ್ತಿ ಮ್ಯಾಲ ಇಟಗೊಂಡ್ರು. “ಅವ್ವಗ ಹೇಳಿದ್ರ ನನ್ನ ಆಣಿ ಐತಿ,” ಅಂದ್ರು. ನನಗ ಹತ್ತೊಂಬತ್ತು ವರ್ಷ. ಗಂಡನ ನೆತ್ತಿ ಮ್ಯಾಲಿನ ಆಣಿ ಮುರದ್ರ ಮುತ್ತೈದಿತನ ಹೋಗತೈತಿ ಅಂತ ಹಾಲು ಕುಡಿಯೂ ಮುಂದನ ಕಲತಾಕಿ. ಇಟ್ಟ ಕೈ ತಣ್ಣಗಾತು.

ಅಮಾಸಿ ಇನ್ನ ನಾಕ ದಿನ ಐತಿ ಅನ್ನೂ ಮುಂದ ಹೊಡದ್ವಿ. ನೀರಿಗೆ ಬಿದ್ದ ಕೂಡ್ಲೆ ಅದು ಬೆಳ್ಳಗ ಹಾಲಾತು. ನಮ್ಮವರು ಬಾಯಿಗೆ ವಸ್ತ್ರ ಕಟಗೊಂಡು ಕುಸುಬಿ ಸಾಲಿಗುಂಟ ಹೋದ್ರು, ನಾ ಹಿಂದಿಂದ ನೀರು ಹೊತ್ತೆ. ಗಾಳಿ ಇತ್ತು. ಹೊಡದ ಎಣ್ಣಿ ಹೊಗಿಯಂಗ ಎದ್ದು ಕಡ್ಲಿ ಮ್ಯಾಲ ಹಬ್ಬಿ ಇಳೂದು ನನ್ನ ಕಣ್ಣಿಗೆ ಕಂಡಿತ್ತು. ಆದ್ರ ನಾವು ಹೊಡ್ಯಾಕತ್ತಿದ್ದು ಕುಸುಬಿಗೆ ಅಲ್ಲ? ಕಡ್ಲಿಗೆ ಹೊಡದಿಲ್ಲಲ್ಲ? ಹಂಗಂತ ನಮ್ಮಷ್ಟಕ್ಕ ನಾವು ಅನಕೊಂಡ್ವಿ.

ಮರುದಿನ ಹೋಗಿ ನೋಡಿದ್ರ ಮುಳ್ಳ ಹುಳ ಎಲ್ಲಾ ಕೆಳಗ ಬಿದ್ದು ಸತ್ತಿದ್ದವು. ಗೆದ್ದೆ ಅಂತ ಅನಿಸಿತು. ಅವುಗಳ ಜೋಡಿ ಕೆಂಪನ ಗುಲಗಂಜಿ ಹುಳ ಸೈತ ಕಾಲು ಮ್ಯಾಲ ಮಾಡಿ ಬಿದ್ದಿದ್ದವು. ಸಣ್ಣಾಕಿದ್ದಾಗ ಅವನ್ನ ಬೆರಳ ತುದಿಗೆ ಏರಿಸಿ ಹಾರಿಸತಿದ್ವಿ. ಪಾಪ, ಅಂದೆ. ಅಷ್ಟ.

ಅತ್ತಿ ಮಗಳನ್ನ ಕರಕೊಂಡು ಬಂದ್ರು. ಪಂಪ್ ಹೊಳ್ಳಿ ಆಲಮೇಲಕ್ಕ ಹೋಗಿತ್ತು, ಡಬ್ಬಿ ಬೇಲ್ಯಾಗ ಹುಗದಿದ್ರು. ಎರಡ ದಿನ ಅತ್ತಿ ಕಣ್ಣು ನನ್ನ ಮ್ಯಾಲ ಬಿದ್ದಾಗೆಲ್ಲಾ ನಾ ಕೊಡ ತಗೊಂಡು ನೀರಿಗೆ ಹೊರಡತಿದ್ದೆ.

ಅಮಾಸಿ ದಿನ ಗಾಡಿ ಹೂಡಿಕೊಂಡು ನಾಕೂ ಮಂದಿ ಹೊಲಕ್ಕ ಹೋದ್ವಿ. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಬದನಿಕಾಯಿ ಎಣಗಾಯಿ, ಪುಂಡಿಪಲ್ಲೆ, ಅಂಬಲಿ. ಬನ್ನಿ ಗಿಡದ ಬುಡಕ ಐದು ಕಲ್ಲಿಟ್ಟು, ಸುಣ್ಣಾ ಹಚ್ಚಿ ಪೂಜಿ ಮಾಡಿದ್ವಿ. ನಮ್ಮವರು ಚರಗದ ಗಡಿಗಿ ಹೊತ್ತು “ಹುಲ್ಲುಲ್ಲಿಗ್ಯೋ” ಅಂತ ಕೂಗಕೋತ, ಬೆಳಿಗೆ ಎಡಿ ಚೆಲ್ಲಕೋತ ಹೊಲದ ಆ ದಂಡಿಗೆ ಹೋದ್ರು. ಅತ್ತಿ ಗಿಡದ ಬುಡಕ ಬುತ್ತಿ ಬಿಚ್ಚಾಕತ್ತಿದ್ರು. ನಾ ಒಂದು ರೊಟ್ಟಿ ಕೈಯಾಗ ಹಿಡಕೊಂಡು ನಾದಿನಿ ಹಂತೇಕ ಬದುವಿನ ಮ್ಯಾಲ ಕುಂತಿದ್ದೆ.

“ವೈನಿ, ಎರಡ ತಿಂಗಳಾತು, ಕಡ್ಲಿ ಪಲ್ಲೆದ ಮ್ಯಾಲ ಜೀವ ಹೋಗೇತಿ ನಂದು,” ಅಂದ್ಲು ನಾದಿನಿ. ಹೊಟ್ಟಿ ಹಿಡಕೊಂಡು ಮೆಲ್ಲಕ ಕುಕ್ಕರಸಿ ಕುಂತ್ಲು. ಹಬ್ಬದ ದಿನ ಹೊಲಕ್ಕ ಹೋದಾಕಿ ಹಸೀ ಕಡ್ಲಿ ಕುಡಿ ತಿನ್ನದ ಬರೂದುಂಟೇನು ನಮ್ಮ ಕಡಿ? ಅದ್ರಾಗ ಬಸರಿ, ಹುಳಿ ಬಯಕಿ. ನಾ ನೋಡಿದೆ. ಆಕಿ ಚೂಟಾಕತ್ತಿದ್ದ ಸಾಲು ಕುಸುಬಿ ಬಾಜೂದ್ದು. ಎಲಿ ಮ್ಯಾಲ ಹನಿ ಒಣಗಿ ಬೆಳ್ಳನ ಕಲಿ ಆಗಿದ್ದವು.

ಮೊದಲನೇ ಮುಟಗಿ ಬಾಯಿಗೆ ಹಾಕ್ಕೊಂಡ್ಲು. ನನ್ನ ನಾಲಿಗಿ ಮ್ಯಾಲ ಮಾತು ಬಂತು, ಅದರ ಬೆನ್ನ ಹಿಂದ ಆಣಿ ಬಂತು. ಗಂಡನ ನೆತ್ತಿ ನನ್ನ ಅಂಗೈಗೆ ಬಿಸಿ ಹತ್ತಿದಂಗಾತು. ಗಿಡದ ಬುಡಕ ಅತ್ತಿ ಕುಂತಾರ. ಹೇಳಿದ್ರ ನಾ ಹೇಳಿದ ಹುಳದ ಸುದ್ದಿ, ಡಬ್ಬಿ ಸುದ್ದಿ, ಎಲ್ಲಾ ಹೊರಗ ಬರತೈತಿ. ನಾಕ ದಿನಾತು, ಬಿಸಲಿಗೆ ಹಾರಿ ಹೋಗಿರತೈತಿ ಅಂತ ನನಗ ನಾನ ಹೇಳಕೊಂಡೆ. ಆಕಿ “ಆಹಾ, ಏನು ಹುಳಿ!” ಅಂತ ಕಣ್ಣು ಮುಚ್ಚಿದ್ಲು. ಎರಡನೇ ಮುಟಗಿ ಹಾಕ್ಕೊಂಡ್ಲು. ನಾ ಸುಮ್ಮ ಕುಂತೆ.

ಮೂರನೇದ್ದು ಬಾಯಿ ಹತ್ರ ಒಯ್ದಾಗ ಏನಾತೋ ಏನೋ, ಎದ್ದಾಕಿನ ಆಕಿ ಕೈಗೆ ಫಟ್ಟನ ಹೊಡದು ಕೆಡವಿದೆ. ಆಕಿ ಹೆದರಿ ಹಿಂದಕ್ಕ ಬಿದ್ಲು. “ಯಾಕ ವೈನಿ?” ಅಂದ್ಲು. ಆಗೂ ನನ್ನ ಬಾಯಾಗ ಖರೇ ಬರಲಿಲ್ಲ ನೋಡ್ರಿ. “ಅದರಾಗ ಹುಳ ಐತಿ,” ಅಂದೆ.

ಉಂಡು ಎಲಿ ಎತ್ತೂದ್ರಾಗ ಆಕಿ ಮಾರಿ ಬೆಳ್ಳಗಾತು. ತಲಿ ತಿರಗತೈತಿ ಅಂದ್ಲು, ಉಂಡದ್ದೆಲ್ಲಾ ಕಾರಿದ್ಲು. ಬಿಸಲು ಹತ್ತೇತಿ ಅಂತ ಅತ್ತಿ ನೆತ್ತಿಗೆ ನೀರು ತಟ್ಟಿದ್ರು. ಆಮ್ಯಾಲೆ ಆಕಿ ಬೆರಳು ತಾವ ತಾವ ಕುಣಿಯಾಕ ಶುರುವಾದವು. ಕಣ್ಣಿನ ರೆಪ್ಪಿ ಪಟಪಟ ಬಡಕೊಳ್ಳಾಕತ್ತಿತು. ನಮ್ಮವರು ಅಷ್ಟ ದೂರದಿಂದ ನನ್ನ ನೋಡಿದ್ರು, ನಾ ಅವರನ್ನ ನೋಡಿದೆ. ಇಬ್ಬರಿಗೂ ತಿಳೀತು.

ಗಾಡ್ಯಾಗ ಹಾಕ್ಕೊಂಡು ಹೊರ್ತಿಗೆ ಓಡಿಸಿದ್ವಿ. ಎತ್ತಿನ ಬಾಯಾಗ ನೊರಿ ಬಂದಿತ್ತು. ಅತ್ತಿ ಮಗಳ ತಲಿ ತೊಡಿ ಮ್ಯಾಲ ಇಟಗೊಂಡಿದ್ರು, ನಾ ಕಾಲು ಹಿಡದಿದ್ದೆ. ಆ ಕಾಲು ನನ್ನ ಕೈಯ್ಯಾಗ ಝಾಡಿಸಿ ಝಾಡಿಸಿ ಬರತಿತ್ತು. “ಏನ ತಿಂದಿ ಯವ್ವಾ?” ಅಂತ ಅತ್ತಿ ಕೇಳಿದ್ರು. “ಕಡ್ಲಿ ಪಲ್ಲೆ,” ಅಂದ್ಲು ಆಕಿ. “ಕಡ್ಲಿ ಪಲ್ಲೆ ತಿಂದ್ರ ಹಿಂಗ ಆಗೂದಿಲ್ಲ,” ಅಂತಂದು ಅತ್ತಿ ತಲಿ ಎತ್ತಿ ನನ್ನ ನೋಡಿದ್ರು. ನಾ ಆಕಿ ಕಾಲು ನೋಡಕೋತ ಕುಂತೆ. ನಮ್ಮವರು ಹಿಂದ ಹೊಳ್ಳಿ ನೋಡದ ಎತ್ತು ಹೊಡ್ಯಾಕತ್ತಿದ್ರು. ಎರಡ ಜೀವ ಗಾಡ್ಯಾಗ ಹೊಂಟಾವ, ಎರಡಕ್ಕೂ ನಾನ ಕಾರಣ. ಸತ್ರ ಏನಂತಾರ? ಸೊಸಿ ಇಸಾ ಹಾಕಿ ಕೊಂದ್ಲು ಅಂತಾರ. ಆಗ ಅದರಾಗ ಸುಳ್ಳು ಎಲ್ಲೈತಿ?

ಹೊರ್ತ್ಯಾಗ ಒಂದು ಲಾರಿ ಕೈ ಮಾಡಿ ನಿಂದರಿಸಿ ಇಂಡಿಗೆ ಹೋದ್ವಿ. ಹೊತ್ತು ಇನ್ನೂ ಮುಣಗಿರಲಿಲ್ಲ. ಒಂದು ಸಣ್ಣ ದವಾಖಾನಿ, ಒಬ್ಬ ಸಣ್ಣ ವಯಸ್ಸಿನ ಡಾಕ್ಟರು. ಮೈಸೂರು ಕಡೆಯವರು, ಬಂದು ತಿಂಗಳಾಗಿತ್ತಂತ. “ಏನು ತಿಂದ್ರು?” ಅಂತ ಕೇಳಿದ್ರು. ನಮ್ಮವರು ಕೈ ಮುಗದು ಅಂದ್ರು, “ಎಣ್ಣಿ ಹೊಟ್ಟ್ಯಾಗ ಹೋಗೇತ್ರಿ.”

ಅಷ್ಟ ಅನ್ನಾಕ ಆ ಮನಷ್ಯಾ ಹೊರ್ತಿಯಿಂದ ಇಂಡಿತನ ಗಂಟಲಾ ಸರಿ ಮಾಡಿಕೊಂಡಿದ್ರು. ಡಾಕ್ಟರು ನಕ್ಕರು.

“ಎಣ್ಣೆ ತಾನೆ? ಹಬ್ಬದಲ್ಲಿ ಕರಿದದ್ದು ಜಾಸ್ತಿ ತಿಂದಿರ್ತಾರೆ. ಬಸುರಿ ಬೇರೆ, ವಾಂತಿ ಆಗೋದು ಸಹಜ. ಗಾಬರಿ ಆಗಬೇಡಿ, ಮಲಗಿಸಿ,” ಅಂದು ಇನ್ನೊಬ್ಬರ ಕಡಿ ಹೊಳ್ಳಿದ್ರು.

ಅತ್ತಿ ಮಾತ್ರ ಎಣ್ಣಿ ಅಂದ್ರ ಯಾವ ಎಣ್ಣಿ ಅಂತ ತಿಳಕೊಂಡ್ರು. ಅವರ ಮಾರಿ ಹ್ಯಾಂಗಾತು ಅಂತ ಬರಿಯಾಕ ನನ್ನ ಕಡೆ ಆಗೂದಿಲ್ಲ. ನಾದಿನಿ ಬಾಂಕಿನ ಮ್ಯಾಲ ಸೆಟದು ನಡಗಾಕತ್ತಿದ್ಲು. ನಾ ಸೆರಗು ಬಿದ್ದದ್ದೂ ನೋಡಲಿಲ್ಲ, ಡಾಕ್ಟರ ಮುಂದ ಹೋಗಿ ಚೀರಿದೆ. “ತಿನ್ನೂ ಎಣ್ಣಿ ಅಲ್ರೀ! ಎಂಡ್ರಿನ್! ಎಂಡ್ರಿನ್ ಹೊಡದ ಪಲ್ಲೆ ತಿಂದಾಳ್ರಿ, ಎರಡ ಜೀವ ಅದಾವ್ರಿ!”

ಆ ಡಾಕ್ಟರ ಮಾರ್ಯಾಗಿನ ನಗಿ ಹೋತು. ಆಮ್ಯಾಲಿನದು ನನಗ ತುಂಡ ತುಂಡ ನೆನಪೈತಿ. ಹೊಟ್ಟಿ ತೊಳದ್ರು, ಸೂಜಿ ಮಾಡಿದ್ರು, ಕೈ ಕಾಲು ಹಿಡೀರಿ ಅಂದ್ರು. ಬೆಳತನ ಅತ್ತಿ ಮಗಳ ಹೊಟ್ಟಿ ಮ್ಯಾಲಿಂದ ಅಂಗೈ ತಗೀಲಿಲ್ಲ. ಕೂಸು ಮಿಸುಕಾಡವಲ್ದು ಅಂತ ಬಾಯಿ ಬಿಟ್ಟು ಯಾರೂ ಅನ್ನಲಿಲ್ಲ. ನಾ ಹೊರಗ ಕಟ್ಟಿ ಮ್ಯಾಲ ಕುಂತು ದೇವರ ಹೆಸರು ನೆನಸಾಕ ಹೋದ್ರ ಒಂದ ಹೆಸರೂ ನೆನಪಿಗೆ ಬರಲಿಲ್ಲ. ಮುಂಜಾನಿ ಹಾಲಿನವ ಬಂದು ಹೋದ ಮ್ಯಾಲೆ ಒಳಗಿಂದ ಅತ್ತಿ ದನಿ ಕೇಳಿಸಿತು: “ಒದೀತು!”

ಮನಿಗೆ ಬಂದ ಮ್ಯಾಲೆ ಬೈತಾರ, ತವರಿಗೆ ಅಟ್ಟತಾರ ಅಂತ ಕಾದೆ. ಏನೂ ಇಲ್ಲ. ಮಗನಿಗೆ ಒಂದ ಮಾತು ಅಂದ್ರು, “ಡಬ್ಬಿ ಎಲ್ಲಿ ಹುಗದಿ ತೋರಸು.” ಅದನ್ನ ತಗದು, ಊರ ಹೊರಗಿನ ಕಲ್ಲ ಗುಡ್ಡದಾಗ ಆಳ ತಗ್ಗು ತೋಡಿ ಮುಚ್ಚಿಸಿದ್ರು. ನನ್ನ ಕೂಡ ಮಾತಿಲ್ಲ. ನಾದಿನಿ ಮಾತ್ರ ಹಾಸಿಗ್ಯಾಗ ಮಲಕೊಂಡು ಬಂದ ಬಂದ ಮಂದಿಗೆ ಹೇಳಾಕತ್ತಿದ್ಲು, “ನೆನಪಾದ ಕೂಡ್ಲೆ ನಮ್ಮ ವೈನಿ ಕೈಯಾಗಿಂದು ಬಡದು ಕೆಡವಿದ್ಲು. ಡಾಕ್ಟರಿಗೂ ಆಕೀನ ಹೇಳಿದ್ಲು. ಇಲ್ಲಾಂದ್ರ ನನ್ನ ಮಣ್ಣ ಮಾಡತಿದ್ರು.” ಓಣಿ ಹೆಂಗಸರು ನನ್ನ ಕೆನ್ನಿ ಮುಟ್ಟಿ ಲಟಗಿ ಮುರೀತಿದ್ರು. ಒಂದೊಂದ ಲಟಗಿಗೂ ನನಗ ಚಳಿ ಬಂದಂಗ ಆಗತಿತ್ತು.

ಒಂದಿನ ಸಿಟ್ಟಿಗೆದ್ದು ಆ ಹಾಳೀನ ಗ್ವಾಡಿಯಿಂದ ಕಿತ್ತೂದಂತ ನಿಂತೆ. ಗಟ್ಟಿ ಅಂಟಿಸಿದಾಕಿ ನಾನ ಅಲ್ಲ, ಎಲ್ಲಿ ಬರತೈತಿ? ನೀರು ಹಚ್ಚಿ, ನೆನಸಿ, ಮೆಲ್ಲಕ ಸುಲದೆ. ಹೊಳ್ಳಿಸಿ ನೋಡಿದ್ರ ಹಿಂದಿನ ಮಗ್ಗಲಿಗೂ ಅಚ್ಚಿತ್ತು! ಅಂಟು ಹಚ್ಚೂ ಅವಸರದಾಗ ಅದನ್ನ ನಾ ನೋಡೇ ಇರಲಿಲ್ಲ. ಸುಣ್ಣಾ ಹತ್ತಿ ಅರ್ಧ ಅಳಸಿತ್ತು, ಆದ್ರೂ ಓದಾಕ ಬಂತು. ‘ರೈತನಿಗೆ ನೆರವಾಗುವ ಕೀಟಗಳು.’ ಎರಡನೇ ಚಿತ್ರ ಅದ, ಆ ಮೊಸಳಿ ಬಾಲದ ಮುಳ್ಳ ಹುಳ. ಕೆಳಗ ‘ಗುಲಗಂಜಿ ಹುಳುವಿನ ಮರಿ. ಹೇನುಗಳನ್ನು ತಿನ್ನುತ್ತದೆ. ಕೊಲ್ಲಬಾರದು.’ ಆ ಒದ್ದಿ ಹಾಳಿ ಹಿಡಕೊಂಡು ಅದನ್ನ ಮತ್ತ ಮತ್ತ ಓದಿದೆ.

ಅತ್ತಿ ಬಾಗಲದಾಗ ನಿಂತು ನೋಡಾಕತ್ತಿದ್ರು. ಅವರಿಗೆ ಓದಾಕ ಬರತಿರಲಿಲ್ಲ, ಚಿತ್ರ ನೋಡಿದ್ರು. “ನಡಿ ಹೊಲಕ್ಕ,” ಅಂದ್ರು. ಅವತ್ತಿನ ನಂತರ ಅವರು ನನಗ ಆಡಿದ ಮೊದಲನೇ ಮಾತದು.

ಹೊಲದಾಗ ಕುಸುಬಿ ನೋಡಿ ನನಗ ಎದಿ ಒಡೀತು. ಹದಿನೈದ ಇಪ್ಪತ್ತ ದಿನದಾಗ ಕರಿ ಹೇನು ಹೊಳ್ಳಿ ಬಂದು, ದಂಟು ಕಾಣದಂಗ ಮುತ್ತಿತ್ತು. ತಿನ್ನೂ ಹುಳ ಒಂದೂ ಇರಲಿಲ್ಲ. ಅತ್ತಿ ನನ್ನ ಬಾಜೂ ಹೊಲಕ್ಕ ಕರಕೊಂಡು ಹೋಗಿ ಒಂದು ಕುಸುಬಿ ಗಿಡದ ಮುಂದ ಕುಂಡರಿಸಿದ್ರು. ಅಲ್ಲಿ ಮುಳ್ಳ ಹುಳ ಇದ್ದವು.

“ಹುಳದ ಮಾರಿ ನೋಡಬ್ಯಾಡ. ಬಾಯಿ ನೋಡು,” ಅಂದ್ರು.

ನೋಡಿದೆ. ಎಷ್ಟೊತ್ತು ಕುಂತೆನೋ. ಆ ಹುಳ ಒಂದು ಹೇನು ಹಿಡೀತು, ಹೀರಿತು, ಸಿಪ್ಪಿ ಬಿಟ್ಟು ಇನ್ನೊಂದು ಹಿಡೀತು. ಎಲಿ ಮುಟ್ಟಲಿಲ್ಲ. ಅತ್ತಿ ಕಡ್ಲಿ ಕಾಯಿ ಒಂದು ಹರದು ಬಿಚ್ಚಿದ್ರು. ಒಳಗ ಹಸರನ, ನುಣ್ಣನ, ಕೂಸಿನ ಬೆರಳಿನಂಥ ಹುಳ ಕಾಳು ತಿಂದು ಮಲಗಿತ್ತು. “ಇದರ ಮಾರಿ ನೋಡು, ಎಷ್ಟು ಚಂದೈತಿ. ಇದು ಕೊರಿಯೂದು,” ಅಂದ್ರು. ಕೂದಲೆಳಿ ತುದಿಗೆ ಮುತ್ತು ಪೋಣಿಸಿದಂಥ ಸಣ್ಣ ತತ್ತಿ ತೋರಿಸಿದ್ರು, ನಾ ಅದನ್ನ ಬೂಷ್ಟು ಅಂತ ತಿಳದು ಎಷ್ಟೋ ಸಲ ಒರಸಿ ಹಾಕಿದ್ದೆ. ಅದೂ ಹೇನು ತಿನ್ನೂ ಹುಳದ್ದಂತ. ಸೂರ್ಯನ ಕುದುರಿ ತೋರಿಸಿದ್ರು, ಜೇಡ ತೋರಿಸಿದ್ರು. ಎಲ್ಲಾ ನಾ ಕಾಲಿಲೆ ಹೊಸಕಿದ ಪೈಕಿನ.

ಆಮ್ಯಾಲೆ “ಉಡಿ ಹಿಡಿ” ಅಂದ್ರು. ಮುಳ್ಳ ಹುಳ ಇದ್ದ ಎಲಿ ಚೂಟಿ ಚೂಟಿ ನನ್ನ ಸೀರಿ ಉಡ್ಯಾಗ ಹಾಕಿದ್ರು. ನಮ್ಮ ಹೊಲಕ್ಕ ಒಯ್ದು ಬಿಡಬೇಕಂತ. ಬಸರಿ ಹೆಣಮಗಳಿಗೆ ಅಕ್ಕಿ ಕುಬಸಾ ತುಂಬೂ ಉಡಿ ಅದು, ನನ್ನ ಉಡ್ಯಾಗ ಮೊಸಳಿ ಬಾಲದ ಹುಳ ಹರದಾಡಾಕತ್ತಿದ್ದವು. ಕೆಡವಿದ್ರ ಮತ್ತ ಕೊಂದಂಗ. ಹಲ್ಲು ಕಚ್ಚಿ ನಡದೆ. ಬದು ದಾಟೂ ಮುಂದ ತಡಕೊಳ್ಳಾಕ ಆಗಲಿಲ್ಲ, ಅಳಾಕ ಶುರು ಮಾಡಿದೆ.

“ಅತ್ತಿ, ಅವತ್ತ ನನಗ ಮೊದಲ ನೆನಪಿತ್ರಿ. ಆಕಿ ಎರಡು ಮುಟಗಿ ತಿನ್ನೂತನ ಸುಮ್ಮ ಕುಂತಿದ್ನಿರಿ.”

“ಗೊತ್ತೈತಿ. ನಾ ಗಿಡದ ಬುಡಕ ಕುಂತು ನೋಡೇನಿ. ನಿನ್ನ ಕೈಯಾಗ ರೊಟ್ಟಿ ಇತ್ತು, ಬಾಯಿ ಬರಿದಿತ್ತು, ತುತ್ತೂ ಇಲ್ಲ, ಮಾತೂ ಇಲ್ಲ.” ಅವರು ಹೊಳ್ಳಿ ನೋಡಲಿಲ್ಲ, ನಡಕೋತ ಅಂದ್ರು, “ಹೆಣ್ಣು ನೋಡಾಕ ಬಂದಾಗ ನಾನೂ ನಿನ್ನ ಮಾರಿ ಅಷ್ಟ ನೋಡಿದೆ.”

ಹೊಡದಿದ್ರ ಚಲೋ ಇತ್ತು. ಅಷ್ಟ ಅಂದು ಅವರು ಮತ್ತ ಆ ಮಾತು ತಗೀಲಿಲ್ಲ, ಸಾಯೂತನ ತಗೀಲಿಲ್ಲ.

ನಾದಿನಿಗೆ ಹೆಣ್ಣು ಹುಟ್ಟಿತು, ಸುಖರೂಪ. ಆ ಹುಡುಗಿ ದೊಡ್ಡಾಕಿ ಆಗಿ, ಆಕೀಗೂ ಮಕ್ಕಳಾಗ್ಯಾವ. ವರ್ಷಾ ಎಳ್ಳ ಅಮಾಸಿಗೆ ಅವ್ವ ಮಗಳು ಇಬ್ಬರೂ ಬರತಾರ. ವರ್ಷಾ ಬುತ್ತಿ ಬಿಚ್ಚಿದ ಕೂಡ್ಲೆ ನಾದಿನಿ ಎಲ್ಲಾರ ಮುಂದ ಅದ ಮಾತು ಅಂತಿದ್ಲು: “ನಮ್ಮ ವೈನಿ ಉಳಿಸಿದ ಜೀವ ನೋಡ್ರಿ ಇವು.” ನಾ ತಲಿ ಬಗ್ಗಿಸಿ ರೊಟ್ಟಿ ಮುರೀತಿದ್ದೆ. ಇವತ್ತರೆ ಖರೇ ಹೊರಗ ಬಿದ್ದೀತೇನೋ ಅಂತ ವರ್ಷಾ ಅಂಜತಿದ್ದೆ. ಅತ್ತಿ ಹೋಗಿ ಬಾಳ ವರ್ಷಾತು. ಮೂರ ವರ್ಷದ ಹಿಂದ ನಮ್ಮವರೂ ಹೋದ್ರು. ಆಣಿ ಇಡಾಕ ನೆತ್ತಿ ಇರಲಿಲ್ಲ, ಆದ್ರೂ ಬಾಯಿ ಏಳಲಿಲ್ಲ.

ಹೋದ ವರ್ಷ ಎದ್ದಿತು. ಉಂಡಾದ ಮ್ಯಾಲೆ ನಾದಿನಿ ಕಡ್ಲಿ ಸಾಲಿನಾಗ ಒಬ್ಬಾಕಿನ ಕುಂತಿದ್ಲು. ಹೋಗಿ ಬಾಜೂಕ ಕುಂತು ಎಲ್ಲಾ ಹೇಳಿದೆ. ಆಣಿ, ಬೆಳ್ಳನ ಕಲಿ, ಒಂದನೇ ಮುಟಗಿ, ಎರಡನೇ ಮುಟಗಿ. ನನ್ನ ದನಿ ನನಗ ಕೇಳವಲ್ದಾಗಿತ್ತು.

ಆಕಿ ಕುಡಿ ಚೂಟೂದು ನಿಲ್ಲಿಸಲಿಲ್ಲ. “ಗೊತ್ತೈತಿ ವೈನಿ. ಕೂಸು ಹುಟ್ಟಿದ ವರ್ಷಾನ ಯವ್ವ ಹೇಳಿದ್ಲು.”

“ಮತ್ತ ವರ್ಷಾ ಎಲ್ಲಾರ ಮುಂದ ನಾ ಉಳಿಸಿದೆ ಅಂತಿದ್ದಿಯಲ್ಲವಾ?”

“ಹೌದು. ಈ ವರ್ಷರೆ ಬಾಯಿ ತಗೀತಿಯೇನು ಅಂತ ನೋಡತಿದ್ದೆ.”

ಗಾಳಿಗೆ ಕುಸುಬಿ ಸಾಲು ಅಳ್ಳಾಡಾಕತ್ತಿತ್ತು. ಈಗ ಹೊಲಾ ನನ್ನ ಮಗ ಮಾಡತಾನ. ಅವ ಯಾವಾಗ ಏನ ಹೊಡೀತಾನ ನನಗ ಹೇಳೂದಿಲ್ಲ, ನಾದಿನಿ ಎರಡ ದಿನ ಮೊದಲ ಬಂದಾಕಿ, ಅವನ ಜೋಡಿ ಹೊಲಾ ತಿರಗಿದ್ಲು, ಆಕೀಗೆ ಎಲ್ಲಾ ಗೊತ್ತಿರಬೇಕು. ಆಕಿ ಚೂಟಿದ ಕುಡಿ ಎಲ್ಲಾ ಕೂಡಿಸಿ ಎರಡು ಮುಟಗಿ ಮಾಡಿ ನನ್ನ ಉಡ್ಯಾಗ ಹಾಕಿದ್ಲು. “ತಿನ್ನು,” ಅಂದ್ಲು.

ತಿಂದೆ. ಹುಳಿ ಇತ್ತು. ಎಣ್ಣಿ ಹೊಡದಾರೇನು ಅಂತ ನಾ ಕೇಳಲಿಲ್ಲ, ಆಕೀನೂ ಹೇಳಲಿಲ್ಲ.